ವಿಕಿರಣ ಚಿಕಿತ್ಸೆ: ಯಂತ್ರ ಹೊಸದಾದರೆ ಸಾಕೇ?

ಕ್ಯಾನ್ಸರ್ ರೋಗಿಗಳಿಗೆ ನೀಡುವ ವಿಕಿರಣ ಚಿಕಿತ್ಸೆಯನ್ನು ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಇಂದು ಮಂಗಳೂರು, ಮಣಿಪಾಲಗಳಲ್ಲೇ ಈ ಸೌಲಭ್ಯವಿದೆ. ಆಸ್ಪತ್ರೆಗೆ ಹೊಸ ಯಂತ್ರ ಬಂದಾಗ ಅದರ ಬೆಲೆ, ಉದ್ಘಾಟನೆಯ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ವೈದ್ಯರು ಬರೆದುಕೊಟ್ಟಷ್ಟೇ ವಿಕಿರಣ ರೋಗಿಯ ದೇಹಕ್ಕೆ ಸೇರುತ್ತಿದೆಯೇ ಎಂದು ನೋಡುವವರು ಯಾರು? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ.

ವಿಕಿರಣ ಕಣ್ಣಿಗೆ ಕಾಣುವುದಿಲ್ಲ, ಬೀಳುವಾಗ ನೋವೂ ಇಲ್ಲ. ಪ್ರಮಾಣ ಹೆಚ್ಚಾದರೆ ಆರೋಗ್ಯವಂತ ಅಂಗಗಳು ಸುಡುತ್ತವೆ, ಕಡಿಮೆಯಾದರೆ ಗೆಡ್ಡೆ ಮತ್ತೆ ಬೆಳೆಯುತ್ತದೆ. ಎರಡೂ ತಿಳಿಯುವುದು ವಾರಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ. ಆದ್ದರಿಂದಲೇ ಪ್ರಮಾಣದಲ್ಲಿ ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದೆಂದು ತಜ್ಞರು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ.

ತಪ್ಪು ಎಲ್ಲಿ ನಡೆಯುತ್ತದೆ?

1996ರಲ್ಲಿ ಕೋಸ್ಟರಿಕದ ಸಾನ್ ಹೋಸೆ ನಗರದ ಆಸ್ಪತ್ರೆಯೊಂದರಲ್ಲಿ ಕೋಬಾಲ್ಟ್ ಯಂತ್ರಕ್ಕೆ ಹೊಸ ವಿಕಿರಣ ಮೂಲವನ್ನು ಅಳವಡಿಸಲಾಯಿತು. ಅದರ ಶಕ್ತಿಯನ್ನು ಅಳೆಯುವಾಗ 0.3 ನಿಮಿಷವನ್ನು, ಅಂದರೆ 18 ಸೆಕೆಂಡುಗಳನ್ನು, 30 ಸೆಕೆಂಡು ಎಂದು ಲೆಕ್ಕ ಹಾಕಿದರು. ಮೂಲದ ಶಕ್ತಿ ಇದ್ದುದಕ್ಕಿಂತ ಕಡಿಮೆ ಎಂದು ತಿಳಿದು ರೋಗಿಗಳಿಗೆ ಹೆಚ್ಚು ಹೊತ್ತು ವಿಕಿರಣ ಹಾಯಿಸಿದರು. ತಪ್ಪು ಬೆಳಕಿಗೆ ಬರುವಷ್ಟರಲ್ಲಿ 115 ಮಂದಿ ಅತಿಯಾದ ವಿಕಿರಣಕ್ಕೆ ತುತ್ತಾಗಿದ್ದರು.

ಇಂಗ್ಲೆಂಡಿನ ಉತ್ತರ ಸ್ಟಾಫರ್ಡ್‌ಶೈರ್‌ನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಅಲ್ಲಿ 1982ರಲ್ಲಿ ಲೆಕ್ಕಾಚಾರಕ್ಕೆ ಕಂಪ್ಯೂಟರ್ ಬಂತು. ದೂರಕ್ಕೆ ತಕ್ಕ ತಿದ್ದುಪಡಿಯನ್ನು ಕಂಪ್ಯೂಟರೇ ಮಾಡುತ್ತಿದ್ದರೂ ಸಿಬ್ಬಂದಿ ಹಳೆಯ ರೂಢಿಯಂತೆ ಕೈಯಿಂದಲೂ ಮಾಡಿದರು. ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಬೇಕಾದುದಕ್ಕಿಂತ ಕಡಿಮೆ ವಿಕಿರಣ ಸಿಕ್ಕಿತು. ಇದು ಗೊತ್ತಾದದ್ದು 1991ರಲ್ಲಿ!

ಈ ಎರಡೂ ಕಡೆ ಯಂತ್ರ ಕೆಟ್ಟಿರಲಿಲ್ಲ. ಹೊಸದೊಂದು ಬಂದಾಗ ಒಬ್ಬರು ಮಾಡಿದ ಲೆಕ್ಕವನ್ನು ಮತ್ತೊಬ್ಬರು ಸ್ವತಂತ್ರವಾಗಿ ನೋಡಲಿಲ್ಲ, ಅಷ್ಟೇ. ಗುಣಮಟ್ಟ ಖಾತರಿ ಎಂದರೆ ಮೂಲತಃ ಈ ‘ಎರಡನೆಯ ಕಣ್ಣು’.

ಏನು ನಡೆಯಬೇಕು?

ಪ್ರತಿದಿನ ಮೊದಲ ರೋಗಿ ಒಳಗೆ ಬರುವ ಮುನ್ನ ಯಂತ್ರದಿಂದ ಹೊರಬರುವ ವಿಕಿರಣವನ್ನು ಅಳೆಯಬೇಕು. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಇನ್ನೂ ಕೂಲಂಕಷ ಪರೀಕ್ಷೆ ಆಗಬೇಕು. ಕೋಬಾಲ್ಟ್ ಮೂಲದ ಶಕ್ತಿ ತಿಂಗಳಿಗೆ ಸುಮಾರು ಶೇ. 1ರಷ್ಟು ಇಳಿಯುವುದರಿಂದ ಚಿಕಿತ್ಸೆಯ ಸಮಯವನ್ನೂ ಅದಕ್ಕೆ ತಕ್ಕಂತೆ ಹೊಂದಿಸಬೇಕು. ಪ್ರತಿ ರೋಗಿಯ ಚಿಕಿತ್ಸಾ ಲೆಕ್ಕವನ್ನು ಇನ್ನೊಬ್ಬರು ಪರಿಶೀಲಿಸಬೇಕು.

ಹೊರಗಿನವರ ತಪಾಸಣೆಯೂ ಅಗತ್ಯ. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಪುಟ್ಟ ಮಾಪಕಗಳನ್ನು ಕಳುಹಿಸುತ್ತಾ ಬಂದಿವೆ. ಆಸ್ಪತ್ರೆ ಅವುಗಳ ಮೇಲೆ ನಿಗದಿತ ವಿಕಿರಣ ಹಾಯಿಸಿ ಹಿಂದಿರುಗಿಸುತ್ತದೆ. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಗುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ಇಂತಹ ಯಂತ್ರವನ್ನು ನಡೆಸುವಂತಿಲ್ಲ. ವೈದ್ಯಕೀಯ ಭೌತವಿಜ್ಞಾನಿ ಹಾಗೂ ವಿಕಿರಣ ಸುರಕ್ಷತಾ ಅಧಿಕಾರಿ ಇರಲೇಬೇಕು.

ಆದರೆ ಕಾನೂನು ಹೇಳುವುದು ಕನಿಷ್ಠ ಎಷ್ಟು ಬೇಕೆಂದು ಮಾತ್ರ. ರೋಗಿಗಳ ಸಾಲು ಉದ್ದವಾದಾಗ ಮೊದಲು ಕತ್ತರಿ ಬೀಳುವುದು ಹೊರಗೆ ಕಾಣದ ಈ ಪರೀಕ್ಷೆಗಳ ಸಮಯಕ್ಕೇ. ಯಂತ್ರಕ್ಕೆ ಕೋಟಿಗಟ್ಟಲೆ ಸುರಿಯುವ ಆಡಳಿತ ಮಂಡಳಿಗಳು ಅದನ್ನು ಅಳೆಯುವವರ ಹುದ್ದೆಗೆ, ಸಮಯಕ್ಕೆ ಜಿಪುಣತನ ತೋರಬಾರದು. ‘ಇಲ್ಲಿ ಏನೋ ತಪ್ಪಿದೆ’ ಎಂದು ಹೇಳುವ ಕಿರಿಯ ಸಿಬ್ಬಂದಿಗೂ ಹೆದರಿಕೆ ಇರಬಾರದು.

ನಾವೇನು ಮಾಡಬಹುದು?

ನಮ್ಮ ಚರ್ಚ್‌ಗಳ ಸಂಘಟನೆಗಳು ಬಡ ರೋಗಿಗಳ ಚಿಕಿತ್ಸೆಗೆ ಹಣ ಹೊಂದಿಸಿಕೊಡುತ್ತವೆ. ಹಣದ ಜತೆಗೆ ರೋಗಿಯ ಪರವಾಗಿ ಮೂರು ಪ್ರಶ್ನೆಗಳನ್ನೂ ವಿನಯದಿಂದ ಕೇಳಬಹುದು. ಪೂರ್ಣಾವಧಿಯ ಭೌತವಿಜ್ಞಾನಿ ಇದ್ದಾರೆಯೇ? ಚಿಕಿತ್ಸಾ ಲೆಕ್ಕವನ್ನು ಇನ್ನೊಬ್ಬರು ನೋಡಿದ್ದಾರೆಯೇ? ಹೊರಗಿನ ತಪಾಸಣೆ ಕೊನೆಯದಾಗಿ ಯಾವಾಗ ಆಯಿತು? ಒಳ್ಳೆಯ ಕೇಂದ್ರಗಳು ಇದಕ್ಕೆ ಬೇಸರಿಸುವುದಿಲ್ಲ.

ಇದನ್ನೋದಿ ಯಾರೂ ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. ವಿಕಿರಣದಿಂದ ಗುಣಮುಖರಾದವರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಉಳಿಸಿದ್ದು ಯಂತ್ರ ಮಾತ್ರವಲ್ಲ, ದಿನವೂ ಬೆಳಿಗ್ಗೆ ಅದನ್ನು ಅಳೆದು ನೋಡಿದ ಕೈಗಳು ಕೂಡ.