ಕಣ್ಣಿನ ವೈದ್ಯರ ಆಯ್ಕೆ: ಮಸೂರದ ಬೆಲೆಗಿಂತ ಮೊದಲು ಕೇಳಬೇಕಾದದ್ದು

ಹುಬ್ಬಳ್ಳಿ: ಇಲ್ಲಿನ ದೇಶಪಾಂಡೆ ನಗರ ಸವಾಯಿ ಗಂಧರ್ವ ಕಲಾಮಂದಿರಕ್ಕೆ ಹೆಸರಾದಂತೆಯೇ ಖಾಸಗಿ ದವಾಖಾನೆಗಳಿಗೂ ಪರಿಚಿತ. ಗದಗ, ಹಾವೇರಿ, ಕೊಪ್ಪಳ ಜಿಲ್ಲೆಗಳಿಂದ ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಬರುವವರಿಗೆ ಕಣ್ಣಿನ ವೈದ್ಯರ ಕೊರತೆಯಿಲ್ಲ. ಯಾರ ಬಳಿ ಹೋಗಬೇಕು ಎಂಬುದೇ ಪ್ರಶ್ನೆ.

ಬೀಳಗಿಯ ಡಾ. ಎಂ.ಸಿ. ಮೋದಿ ಅವರು ಊರೂರುಗಳಲ್ಲಿ ಶಿಬಿರ ನಡೆಸಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ವೈದ್ಯರೇ ರೋಗಿಯ ಬಳಿಗೆ ಬರುತ್ತಿದ್ದರು. ಇಂದು ರೋಗಿಯೇ ವೈದ್ಯರನ್ನು ಆರಿಸಿಕೊಳ್ಳಬೇಕು. ಆದರೆ ಈ ಆಯ್ಕೆ ಅನೇಕ ವೇಳೆ ಮಸೂರದ ಬೆಲೆ ವಿಚಾರಿಸುವುದರಲ್ಲೇ ಮುಗಿದುಹೋಗುತ್ತದೆ.

ಮೊದಲ ಗೊಂದಲ ಆರಂಭವಾಗುವುದು ಕನ್ನಡಕದ ಅಂಗಡಿಯಲ್ಲಿ. ಅಲ್ಲಿನ ಯಂತ್ರ ಹೇಳುವುದು ಕನ್ನಡಕದ ನಂಬರನ್ನು ಮಾತ್ರ. ಉತ್ತರ ಕರ್ನಾಟಕದಲ್ಲಿ ಮೋತಿಬಿಂದು ಎನ್ನಲಾಗುವ ಪೊರೆಯಿಂದ ಮಸುಕಾದ ದೃಷ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ಮರಳಿ ಪಡೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಅದು ಬಹುಕಾಲ ನೋವನ್ನೂ ಕೊಡುವುದಿಲ್ಲ. ಆದ್ದರಿಂದ 40 ದಾಟಿದವರು ಕಣ್ಣಿನ ಒತ್ತಡ ಮತ್ತು ನರವನ್ನು ತಜ್ಞರಿಂದ ಪರೀಕ್ಷಿಸಿಕೊಳ್ಳಬೇಕು. ಮಧುಮೇಹಿಗಳು ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ ಮಾಡಿಸಿಕೊಳ್ಳುವುದು ಅಗತ್ಯ.

ವೈದ್ಯರು ನೇತ್ರ ವಿಭಾಗದಲ್ಲಿ ಎಂ.ಎಸ್., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಪಡೆದಿದ್ದಾರೆಯೇ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂಬುದನ್ನು ಗಮನಿಸಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಪ್ರಕಾರ ಆಸ್ಪತ್ರೆಯ ನೋಂದಣಿ ಮತ್ತು ದರಪಟ್ಟಿಯ ಪ್ರದರ್ಶನ ಕಡ್ಡಾಯ. 2017ರ ತಿದ್ದುಪಡಿ ಈ ಕಾನೂನನ್ನು ಮತ್ತಷ್ಟು ಬಿಗಿಗೊಳಿಸಿತು. ಹೀಗಿರುವಾಗ ದರ ಕೇಳಲು ಸಂಕೋಚಪಡಬೇಕಿಲ್ಲ. ಮಸೂರ, ಔಷಧ ಹಾಗೂ ಮರುಭೇಟಿಗಳು ಅಂದಾಜು ವೆಚ್ಚದಲ್ಲಿ ಸೇರಿವೆಯೇ ಎಂಬುದನ್ನು ಬರಹದಲ್ಲೇ ಪಡೆಯುವುದು ಒಳಿತು.

ವೈದ್ಯರ ಅರ್ಹತೆಯೊಂದೇ ಸಾಲದು ಎಂಬುದಕ್ಕೆ ನಿದರ್ಶನ 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ನಡೆದ ಪ್ರಕರಣ. ಪೊರೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಹಲವರಿಗೆ ಸೋಂಕು ತಗಲಿ, ಕೆಲವರು ದೃಷ್ಟಿ ಕಳೆದುಕೊಂಡರು. ಬಳಸಲಾದ ದ್ರಾವಣದ ಮೇಲೆ ಅನುಮಾನ ವ್ಯಕ್ತವಾಗಿತ್ತು. ಶಸ್ತ್ರಚಿಕಿತ್ಸೆಯ ನಂತರ ನೋವು ಹೆಚ್ಚಿದರೆ, ಕಣ್ಣು ಕೆಂಪಾಗಿ ದೃಷ್ಟಿ ಕುಂದಿದರೆ ಅದೇ ದಿನ ವೈದ್ಯರನ್ನು ಕಾಣಬೇಕು. ರಾತ್ರಿ ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಪರ ಊರಿನ ರೋಗಿಗಳಿಗಂತೂ ಇದು ಮಸೂರದ ಬ್ರಾಂಡ್‌ಗಿಂತ ಮುಖ್ಯ.

ಪೊರೆಯ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಅವಸರವಿರುವುದಿಲ್ಲ. ಸಂದೇಹವಿದ್ದರೆ ವಿದ್ಯಾನಗರದಲ್ಲಿರುವ, ಜನರು ಈಗಲೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಎರಡನೇ ಅಭಿಪ್ರಾಯ ಪಡೆಯಲು ಸಮಯವಿರುತ್ತದೆ. ಆದರೆ ದಿಢೀರನೆ ದೃಷ್ಟಿ ಕುಂದಿದರೆ, ಮಿಂಚಿನಂಥ ಬೆಳಕು ಅಥವಾ ಪರದೆ ಇಳಿದಂತಹ ನೆರಳು ಕಂಡರೆ ಆಯ್ಕೆಯ ಲೆಕ್ಕಾಚಾರಕ್ಕೆ ಕಾಯದೆ ಹತ್ತಿರದ ನೇತ್ರ ತಜ್ಞರ ಬಳಿಗೆ ಧಾವಿಸಬೇಕು.

ಉತ್ತಮ ವೈದ್ಯರು ರೋಗಿಯ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಪ್ರಶ್ನೆ ಕೇಳುತ್ತಿದ್ದಂತೆ ಮಾತು ಪ್ಯಾಕೇಜ್ ದರದತ್ತ ಹೊರಳಿದರೆ, ಇನ್ನೊಂದು ಬಾಗಿಲು ತಟ್ಟುವುದೇ ಲೇಸು.