ಬಣ್ಣ ಬಂದ ಮಾತ್ರಕ್ಕೆ ಪನ್ನೀರು ದ್ರಾಕ್ಷಿ ಹಣ್ಣಾಯಿತೇ?



ಪಾಸ್ಖ ಹಬ್ಬ ಕಳೆದು ಬಿಸಿಲು ಏರುವ ಹೊತ್ತಿಗೆ ತೊಂಡಾಮುತ್ತೂರು, ನರಸೀಪುರಂ, ಮಾದಂಪಟ್ಟಿ ಕಡೆಯ ಚಪ್ಪರಗಳಲ್ಲಿ ಪನ್ನೀರು ದ್ರಾಕ್ಷಿ ಕಪ್ಪಾಗಿ ತೂಗುತ್ತದೆ. ಕೊಯಮತ್ತೂರಿನ ತಳ್ಳುಗಾಡಿಗಳಲ್ಲಿಯೂ ತಿರುಪ್ಪೂರಿನ ಬನಿಯನ್ ಕಂಪನಿಗಳ ಬಾಗಿಲಲ್ಲಿಯೂ ಅದೇ ಹಣ್ಣು. ಕೊಂಡವರು ನಾಲ್ಕು ಕಾಳು ಬಾಯಿಗೆ ಹಾಕಿ ಮುಖ ಹುಳ್ಳಗೆ ಮಾಡಿಕೊಂಡು, "ಊರ ದ್ರಾಕ್ಷಿ ಇಷ್ಟೇ, ನಾಸಿಕದ ಬೀಜವಿಲ್ಲದ್ದೇ ವಾಸಿ" ಎನ್ನುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಚಪ್ಪರ ಕಿತ್ತು ತೆಂಗು, ಅಡಿಕೆ ಇಟ್ಟವರು ನಮ್ಮ ಕುಟುಂಬಗಳಲ್ಲಿಯೇ ಇದ್ದಾರೆ. ಆದರೆ ತಪ್ಪು ತಳಿಯದಲ್ಲ, ಹಣ್ಣಾಗುವ ಮೊದಲೇ ಕೊಯ್ಯುವ ಅವಸರದ್ದು ಎಂಬುದು ನಮ್ಮ ಅಭಿಪ್ರಾಯ.

ದ್ರಾಕ್ಷಿಯ ಸ್ವಭಾವ ಬಾಳೆ, ಮಾವು, ಸಪೋಟದಂತಲ್ಲ. ಬಲಿತ ಬಾಳೆಗೊನೆಯನ್ನು ಕಡಿದು ಮುಚ್ಚಿಟ್ಟರೆ ಮನೆಯಲ್ಲಿಯೇ ಹಣ್ಣಾಗುತ್ತದೆ. ದ್ರಾಕ್ಷಿ ಹಾಗಲ್ಲ, ಬಳ್ಳಿಯಿಂದ ಬೇರೆಯಾದ ಗಳಿಗೆಯಲ್ಲಿ ಎಷ್ಟು ಸಿಹಿಯೋ ಅಷ್ಟೇ. ಆಮೇಲೆ ಅದು ಬಾಡುತ್ತದೆ, ಕೊಳೆಯುತ್ತದೆ, ಮಾಗುವುದಿಲ್ಲ. ಬಳ್ಳಿಯಲ್ಲಿ ಮೊದಲು ಕಾಳು ಮೆತ್ತಗಾಗಿ ಸಿಪ್ಪೆಗೆ ಬಣ್ಣ ಏರುತ್ತದೆ. ಆ ಹೊತ್ತಿಗೆ ಒಳಗಿನ ಕೆಲಸ ಇನ್ನೂ ಅರ್ಧದಲ್ಲಿರುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಕಾಳಿಗೆ ಇಳಿಯುವುದು, ಹುಳಿ ಕಡಿಮೆಯಾಗುವುದು, ಪರಿಮಳ ಕೂಡುವುದು, ಇವೆಲ್ಲ ಬಣ್ಣ ಬಂದ ಮೇಲೂ ಹಲವು ದಿನ ನಡೆಯುತ್ತವೆ.

ಪರಿಮಳದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪನ್ನೀರು ಎಂದರೆ ಗುಲಾಬಿ ನೀರು. ಕರ್ನಾಟಕದಲ್ಲಿ ಇದೇ ಹಣ್ಣಿಗೆ ಗುಲಾಬಿ ದ್ರಾಕ್ಷಿ ಎಂಬ ಹೆಸರಿದೆ. ಹೆಸರು ಸುಮ್ಮನೆ ಬಂದದ್ದಲ್ಲ. ಗುಲಾಬಿ ಹೂವಿನಲ್ಲಿರುವ ಜೆರಾನಿಯಾಲ್ ಎಂಬ ಸುಗಂಧ ಪದಾರ್ಥ ಈ ದ್ರಾಕ್ಷಿಯಲ್ಲಿಯೂ ಇದೆ, ಜೊತೆಗೆ ಲಿನಲೂಲ್ ಎಂಬ ಇನ್ನೊಂದೂ ಇದೆ. ಇವು ಕಾಳಿನಲ್ಲಿ ಚೆನ್ನಾಗಿ ಕೂಡುವುದು ಬಣ್ಣ ಬಂದ ನಂತರವೇ. ಆದ್ದರಿಂದ ಬಣ್ಣ ನೋಡಿ ಕೊಯ್ದವರು ಪನ್ನೀರು ದ್ರಾಕ್ಷಿಯನ್ನು ಪನ್ನೀರೇ ಇಲ್ಲದೆ ಮಾರುತ್ತಿದ್ದಾರೆ. ನಾಸಿಕದ ಹಣ್ಣಿಗೆ ಇಲ್ಲದ, ನಮ್ಮದಕ್ಕೆ ಮಾತ್ರ ಇರುವ ಗುಣವನ್ನೇ ನಾವು ತೋಟದಲ್ಲಿ ಬಿಟ್ಟು ಬಂದಂತಾಯಿತು.

ಇದರ ಶಾಸ್ತ್ರೀಯ ಹೆಸರು ಮಸ್ಕಟ್ ಹ್ಯಾಂಬರ್ಗ್. 1832ರಲ್ಲಿ ಫ್ರೆಂಚ್ ಗುರುಗಳೊಬ್ಬರು ಇದನ್ನು ತಮಿಳುನಾಡಿಗೆ ತಂದರು ಎಂದು ಎಲ್ಲರೂ ಬರೆಯುತ್ತಾರೆ. 2023ರಲ್ಲಿ ತೇಣಿ ಜಿಲ್ಲೆಯ ಕಂಬಂ ಪನ್ನೀರು ದ್ರಾಕ್ಷಿಗೆ ಭೌಗೋಳಿಕ ಗುರುತು ದೊರೆತಾಗಲೂ ಪತ್ರಿಕೆಗಳಲ್ಲಿ ಇದೇ ಮಾತು ಬಂತು. ಗುರುಗಳಿಗೆ ಸಿಗುವ ಹೊಗಳಿಕೆಯನ್ನು ನಾವು ಬೇಡವೆನ್ನಬಾರದು. ಆದರೆ ಈ ತಳಿ ಇಂಗ್ಲೆಂಡಿನ ಗಾಜಿನ ಮನೆಯೊಂದರಲ್ಲಿ ಹುಟ್ಟಿದ್ದು 1850ರ ಸುಮಾರಿಗೆ. ಬ್ಲ್ಯಾಕ್ ಹ್ಯಾಂಬರ್ಗ್ ಮತ್ತು ಮಸ್ಕಟ್ ಆಫ್ ಅಲೆಕ್ಸಾಂಡ್ರಿಯಾ ಇದರ ತಂದೆತಾಯಿ. ಲೆಕ್ಕ ಕೂಡುವುದಿಲ್ಲ. ಆ ಗುರುಗಳು ತಂದದ್ದು ಬೇರೊಂದು ಬಳ್ಳಿ ಇರಬೇಕು.

ದೂರದ ಒಂದು ಉದಾಹರಣೆ ನೋಡಿ. ಚೀನಾದ ವಾಯವ್ಯ ಭಾಗದ ಮರುಭೂಮಿಯಲ್ಲಿ ತುರ್ಫಾನ್ ಎಂಬ ಓಯಸಿಸ್ ಇದೆ. ವರ್ಷಕ್ಕೆ 20 ಮಿಲಿಮೀಟರಿನಷ್ಟೂ ಮಳೆ ಬೀಳುವುದಿಲ್ಲ. ಬೆಟ್ಟದ ಹಿಮ ಕರಗಿದ ನೀರನ್ನು ನೆಲದಡಿಯ ಕಾಲುವೆಗಳಲ್ಲಿ ತಂದು ದ್ರಾಕ್ಷಿ ಬೆಳೆಯುತ್ತಾರೆ. ಅಲ್ಲಿಯ ಹಣ್ಣಿನ ಸಿಹಿ ಲೋಕಪ್ರಸಿದ್ಧ. ಕಾರಣ ಸರಳ: ಬಿಸಿಲು ಧಾರಾಳ, ಹಣ್ಣಾಗುವಾಗ ಮಳೆಯ ಕಾಟವಿಲ್ಲ, ನೀರು ರೈತನ ಕೈಯಲ್ಲಿದೆ. ನಮ್ಮ ಊರು ಮರುಭೂಮಿಯಲ್ಲ. ಆದರೂ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ನಮಗೆ ಜನವರಿಯಿಂದ ಮಾರ್ಚಿಯವರೆಗೆ ಸಿಗುವುದು ಹೆಚ್ಚು ಕಡಿಮೆ ಅದೇ ಹವೆ. ಡಿಸೆಂಬರ್, ಜನವರಿಯಲ್ಲಿ ಕವಾತು ಮಾಡಿ ಏಪ್ರಿಲ್, ಮೇ ತಿಂಗಳಲ್ಲಿ ಕೊಯ್ಯುವ ಫಸಲು ನಮ್ಮ ಓಯಸಿಸ್ ಫಸಲು. ಮೇ, ಜೂನಿನಲ್ಲಿ ಕವಾತು ಮಾಡಿದ್ದು ಆಗಸ್ಟ್, ಸೆಪ್ಟೆಂಬರಿಗೆ ಬರುತ್ತದೆ; ಪಾಲಕ್ಕಾಡು ಕಣಿವೆಯ ಮೋಡ, ತುಂತುರು, ಬೂಜು ರೋಗಗಳ ನಡುವೆ ಅದರಿಂದ ಅಷ್ಟು ಸಿಹಿ ಕೇಳುವುದು ನ್ಯಾಯವಲ್ಲ. ಬೇಸಿಗೆ ಫಸಲಿನಲ್ಲಿ ಕೇಳಬಹುದು.

ಅಲ್ಲಿಯೂ ನಾವು ಎರಡು ಕಡೆ ಎಡವುತ್ತೇವೆ. ಕೊಯ್ಲಿನ ಹಿಂದಿನ ವಾರ ಕಾಳು ಉಬ್ಬಲಿ, ತೂಕ ಬರಲಿ ಎಂದು ನೀರು ಬಿಡುತ್ತೇವೆ. ಕೊಯ್ಲಿಗೆ ಒಂದು ವಾರ ಮುಂಚೆ ನೀರು ನಿಲ್ಲಿಸಬೇಕೆಂಬುದು ಹಳೆಯ ಶಿಫಾರಸು. ಕೊನೆಗಳಿಗೆಯ ನೀರು ಸಿಹಿಯನ್ನು ತೆಳ್ಳಗೆ ಮಾಡುತ್ತದೆ, ಸಿಪ್ಪೆ ಬಿರಿಯುವಂತೆಯೂ ಮಾಡುತ್ತದೆ. ಎರಡನೆಯದು ಗೊಂಚಲುಗಳ ಹೊರೆ. ಎಲೆಗಳು ಸಾಕುವುದಕ್ಕಿಂತ ಹೆಚ್ಚು ಗೊಂಚಲು ಬಿಟ್ಟರೆ ಎಲ್ಲಕ್ಕೂ ಅರೆಹೊಟ್ಟೆ. ಅರ್ಧ ಕಪ್ಪು, ಅರ್ಧ ಕೆಂಪು, ಅಲ್ಲೊಂದು ಇಲ್ಲೊಂದು ಹಸಿರು ಕಾಳು ಕಾಣುವುದು ಹೆಚ್ಚಾಗಿ ಇಂಥ ಚಪ್ಪರದಲ್ಲಿಯೇ. ಕಾಳು ಚಿಕ್ಕದಿರುವಾಗಲೇ ಕೆಲವು ಗೊಂಚಲು ತೆಗೆಯಿರಿ ಎಂದರೆ ಮನೆಯ ಹಿರಿಯರಿಗೆ ಕೋಪ ಬರುತ್ತದೆ. ಬಂದ ಫಲವನ್ನು ಕತ್ತರಿಸಿ ಎಸೆಯುವುದು ಯಾರಿಗೆ ಇಷ್ಟ?

ರೈತರು ಯಾಕೆ ಅವಸರ ಮಾಡುತ್ತಾರೆಂಬುದು ನಮಗೆ ಗೊತ್ತಿಲ್ಲದ್ದಲ್ಲ. ವ್ಯಾಪಾರಿ ಮುಂಗಡ ಕೊಟ್ಟಿರುತ್ತಾನೆ. ಅವನು ನೋಡುವುದು ಬಣ್ಣ, ತೂಗುವುದು ಕಿಲೋ. ಸಿಹಿಗೆ ಬೇರೆ ದರವಿಲ್ಲ. ಏಪ್ರಿಲಿನಲ್ಲಿ ಒಂದು ಜೋರು ಮಳೆ ಬಂದರೆ ಕಾಳು ಸೀಳುತ್ತದೆ. ಕೊಯ್ಲಿಗೆ ಆಳು ಸಿಕ್ಕ ದಿನವೇ ಮುಗಿಸಬೇಕು, ಏಕೆಂದರೆ ನಾಳೆ ಅವರು ತಿರುಪ್ಪೂರಿನ ಬಸ್ಸು ಹತ್ತಿರುತ್ತಾರೆ. ಕೈಯಲ್ಲಿ ಸಾಲವಿರುವವನಿಗೆ ಹತ್ತು ದಿನ ಕಾಯಿರಿ ಎಂದು ಗುರುಮನೆಯಲ್ಲಿ ಕುಳಿತು ಹೇಳುವುದು ಸುಲಭ. ಆದರೆ ಇಡೀ ತೋಟವನ್ನು ಕಾಯಿಸಬೇಕಾಗಿಲ್ಲ. ನಾಲ್ಕು ಸಾಲನ್ನು ಮುಂಗಡದಿಂದ ಹೊರಗಿಟ್ಟು, ಪೂರ್ತಿ ಮಾಗಿಸಿ, ಆರ್.ಎಸ್. ಪುರದ ಉಳವರ್ ಸಂದೆಯಲ್ಲಿ ನೀವೇ ಕುಳಿತು ಮಾರಿ ನೋಡಿ. 1999ರಲ್ಲಿ ಸರ್ಕಾರ ಆ ಸಂತೆಗಳನ್ನು ತೆರೆದದ್ದೇ ಬೆಳೆದವರು ಕೊಳ್ಳುವವರ ಮುಖ ನೋಡಲಿ ಎಂದು. ತಿಂದವರು ಮುಂದಿನ ವಾರ ನಿಮ್ಮನ್ನೇ ಹುಡುಕಿ ಬರುತ್ತಾರೋ ಇಲ್ಲವೋ ಆಗ ತಿಳಿಯುತ್ತದೆ.

ಬಣ್ಣಕ್ಕಾಗಿ ಎಥ್ರೆಲ್ ಹೊಡೆಯುವವರಿಗೆ ಒಂದು ಮಾತು. ಅದು ಸಿಪ್ಪೆಯನ್ನು ಕಪ್ಪಾಗಿಸಬಹುದು, ಸಿಹಿಯನ್ನಾಗಲಿ ಪರಿಮಳವನ್ನಾಗಲಿ ತರುವುದಿಲ್ಲ. ರೋಗದ ಔಷಧಿಗಳಿಗೂ ಡಬ್ಬಿಯ ಮೇಲೆ ಕಾಯುವ ದಿನಗಳನ್ನು ಬರೆದಿರುತ್ತಾರೆ. ಕೊಯ್ಲು ಅವಸರವಾದಾಗ ಮೊದಲು ಮುರಿಯುವುದು ಆ ಲೆಕ್ಕವೇ. ದ್ರಾಕ್ಷಿಯನ್ನು ನಾವು ಸಿಪ್ಪೆ ಸಮೇತ ತಿನ್ನುತ್ತೇವೆ, ಚಪ್ಪರದ ಕೆಳಗೆ ಆಡುವ ನಿಮ್ಮ ಮಕ್ಕಳು ತೊಳೆಯದೆಯೇ ತಿನ್ನುತ್ತಾರೆ. ಈ ಹಣ್ಣಿನ ಆರೋಗ್ಯಕರ ಗುಣದ ಹೆಚ್ಚಿನ ಭಾಗ ಸಿಪ್ಪೆ, ಬೀಜಗಳಲ್ಲಿಯೇ ಇರುವುದರಿಂದ ಸಿಪ್ಪೆ ಉಗಿಯಿರಿ ಎಂದೂ ಹೇಳುವಂತಿಲ್ಲ. ಚೆನ್ನಾಗಿ ತೊಳೆದು ತಿನ್ನಿ. ಸಕ್ಕರೆ ಕಾಯಿಲೆಯವರು, ಹಣ್ಣು ಮಾಗಿದಷ್ಟೂ ಸಿಹಿ ಹೆಚ್ಚು ಎಂಬುದನ್ನು ನೆನಪಿಟ್ಟು ವೈದ್ಯರು ಹೇಳಿದ ಅಳತೆಯಲ್ಲಿ ತಿನ್ನಬೇಕು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಗುರುಮನೆಯ ಹಿಂದೆ ಆರು ಬಳ್ಳಿ ಇಟ್ಟಿದ್ದೇವೆ. ಮೊದಲ ಫಸಲನ್ನು ಕಪ್ಪಾದ ಕೂಡಲೇ ಕೊಯ್ದು ಭಾನುವಾರ ಎಲ್ಲರಿಗೂ ಹಂಚಿದೆವು. ಎಲ್ಲರೂ ಮರ್ಯಾದೆಗೆ ನುಂಗಿದರು. ಎತ್ತರದಲ್ಲಿ ಕೈಗೆ ಸಿಗದೆ ಉಳಿದ ಎರಡು ಗೊಂಚಲಿಗೆ ಸುಮಾರು ಹತ್ತು ದಿನ ಬಿಟ್ಟು ಪಿಕಳಾರ ಹಕ್ಕಿಗಳು ಬಂದವು. ಅಲ್ಲಿಯವರೆಗೆ ಅವು ಈ ಕಡೆ ತಲೆ ಹಾಕಿರಲಿಲ್ಲ. ಅವು ಬಿಟ್ಟ ನಾಲ್ಕು ಕಾಳು ತಿಂದಾಗ ನಮಗೆ ನಾಚಿಕೆಯಾಯಿತು.

ಆಮೇಲೆ ಒಂದು ರಿಫ್ರ್ಯಾಕ್ಟೋಮೀಟರ್ ತರಿಸಿದ್ದೇವೆ. ಗಾಜಿನ ಮೇಲೆ ಎರಡು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ಬ್ರಿಕ್ಸ್ ಅಂಕಿ ಕಾಣುತ್ತದೆ. 18 ಎಂದರೆ ನೂರು ಗ್ರಾಂ ರಸದಲ್ಲಿ ಸುಮಾರು 18 ಗ್ರಾಂ ಕರಗಿದ ಪದಾರ್ಥ, ಅದರಲ್ಲಿ ಬಹುಪಾಲು ಸಕ್ಕರೆ. ಪನ್ನೀರು ದ್ರಾಕ್ಷಿಗೆ ಅದು ಒಳ್ಳೆಯ ಗುರುತು. 14ರಲ್ಲಿ ಕೊಯ್ದರೆ ಹುಳಿಯೇ. ಬೇಕಾದವರು ಭಾನುವಾರ ಪೂಜೆಯ ನಂತರ ಕಾಳು ತಂದು ನೋಡಿಕೊಳ್ಳಬಹುದು. ಬಿಸಿಲಿಗೆ ಬಿದ್ದ ದಪ್ಪ ಗೊಂಚಲನ್ನೇ ಆರಿಸಿ ತರಬೇಡಿ. ತೋಟದ ಬೇರೆ ಬೇರೆ ಕಡೆ ಹತ್ತು ಗೊಂಚಲು ಹಿಡಿದು, ಪ್ರತಿಯೊಂದರಲ್ಲಿಯೂ ತೀರ ಕೆಳಗಿನ ತುದಿಯ ಕಾಳನ್ನು ಕಿತ್ತು ತನ್ನಿ. ಕೊನೆಗೆ ಮಾಗುವುದು ಅದೇ.