ಗಂಟಲ ನೋವು, ಗುಂಡಿಗೆಯ ರೋಗ

ಮಗುವಿಗೆ ಗಂಟಲು ನೋವೆಂದರೆ ನಮ್ಮಲ್ಲಿ ಯಾರೂ ದಿನದ ಕೂಲಿ ಬಿಟ್ಟು, ಅಂಗಡಿಯ ಬಾಗಿಲು ಹಾಕಿ ಆಸ್ಪತ್ರೆಗೆ ಓಡುವುದಿಲ್ಲ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಮುಗಿಯಿತು. ಬಹುಪಾಲು ಗಂಟಲು ನೋವುಗಳು ಹಾಗೆ ವಾಸಿಯೂ ಆಗುತ್ತವೆ. ಆದರೆ ಅವುಗಳಲ್ಲಿ ಒಂದು ಬಗೆಯದು ಮಗುವಿನ ಹೃದಯವನ್ನು ಜೀವಮಾನವಿಡೀ ಕೆಡಿಸಬಲ್ಲದು. ಅದನ್ನು ತಡೆಯುವ ಔಷಧಿ ಹಳೆಯದು, ಅಗ್ಗದ್ದು. ಹೀಗಿದ್ದೂ ಬಡವರ ಮಕ್ಕಳು ಅದಕ್ಕೆ ಬಲಿಯಾಗುತ್ತಿರುವುದೇಕೆ?

ರೋಗಾಣುಗಳಿಗೆ ಬಣ್ಣ ಹಚ್ಚಿ ಗುರುತಿಸುವ ಕ್ರಮವನ್ನು ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದರು. ದಪ್ಪ ಗೋಡೆಯುಳ್ಳವು ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ; ಸ್ಪಿರಿಟಿನಲ್ಲಿ ತೊಳೆದರೂ ಬಿಡುವುದಿಲ್ಲ. ಇವೇ ಗ್ರಾಮ್-ಪಾಸಿಟಿವ್ ಜೀವಾಣುಗಳು. ಕುರು ಎಬ್ಬಿಸುವ ಸ್ಟಫೈಲೊಕಾಕಸ್, ಧನುರ್ವಾಯುವಿನ ಜೀವಾಣು, ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್, ಎಲ್ಲವೂ ಈ ಗುಂಪಿನವೇ. ಪೆನಿಸಿಲಿನ್ ಈ ಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುತ್ತದೆ. ಸ್ಟಫೈಲೊಕಾಕಸ್ ಬಹುಮಟ್ಟಿಗೆ ಈಗ ಅದಕ್ಕೆ ಜಗ್ಗುವುದಿಲ್ಲ. ಆದರೆ ಗಂಟಲಿನ ಈ ಸ್ಟ್ರೆಪ್ಟೊಕಾಕಸ್ ಇಂದಿಗೂ ಪೆನಿಸಿಲಿನ್ನಿಗೆ ಮಣಿಯುತ್ತದೆ.

ಮಣಿಸದೆ ಬಿಟ್ಟರೆ ಕೆಲವು ಮಕ್ಕಳಿಗೆ ಎರಡು ಮೂರು ವಾರಗಳಲ್ಲಿ ಜ್ವರ ಬರುತ್ತದೆ, ಕೀಲುಗಳು ಊದಿಕೊಳ್ಳುತ್ತವೆ. ರೋಗಾಣುವಿನ ಮೇಲೆ ಎದ್ದ ದೇಹದ ರಕ್ಷಣಾಶಕ್ತಿ ಗುರಿ ತಪ್ಪಿ ಸ್ವಂತ ಹೃದಯದ ಮೇಲೆ ಬೀಳುತ್ತದೆ. ಇದೇ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಕೀಲು ನೋವು ಬಂದು ಹೋಗುತ್ತದೆ, ಹೃದಯದ ಕವಾಟಕ್ಕಾದ ಗಾಯ ಉಳಿಯುತ್ತದೆ. ಮರುಕಳಿಸಿದಷ್ಟೂ ಗಾಯ ಬಲಿಯುತ್ತದೆ. ದುಡಿಯುವ ವಯಸ್ಸಿಗೆ ಏದುಸಿರು; ಹೆಣ್ಣುಮಕ್ಕಳಿಗೆ ಬಸಿರಿನಲ್ಲಿ ಪ್ರಾಣಭಯ. ಈ ಹೃದ್ರೋಗದಿಂದ ವರ್ಷಕ್ಕೆ ಸುಮಾರು 3.6 ಲಕ್ಷ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ರೋಗ ಎಲ್ಲರ ಮನೆಗೂ ಸಮನಾಗಿ ಬರುವುದಿಲ್ಲ. ಒಂದೇ ಕೋಣೆಯಲ್ಲಿ ಆರೇಳು ಮಂದಿ ಮೈಗೆ ಮೈ ತಾಗಿಸಿ ಮಲಗುವಲ್ಲಿ ಒಬ್ಬರ ಕೆಮ್ಮು, ಉಸಿರು ಎಲ್ಲರಿಗೂ ಹಂಚಿಹೋಗುತ್ತದೆ. ಗ್ರಾಮ್ ಅವರ ಡೆನ್ಮಾರ್ಕಿನಲ್ಲಿ ಪೆನಿಸಿಲಿನ್ ಬರುವ ಮೊದಲೇ ಈ ಜ್ವರ ಇಳಿಯತೊಡಗಿತ್ತು. ಮನೆ, ಅನ್ನ, ಗಾಳಿ ಸುಧಾರಿಸಿದ್ದು ಅದಕ್ಕೆ ಮುಖ್ಯ ಕಾರಣವೆಂದು ತಜ್ಞರ ಮತ. ಕಾರ್ಮಿಕರಿಗೆ ವಾಸಯೋಗ್ಯ ಮನೆ ಬೇಕೆಂಬ ಕೂಗು ಹೃದ್ರೋಗ ತಡೆಯುವ ಕೂಗೂ ಹೌದು.

ಔಷಧಿಯ ಕಥೆಯೂ ಕೇಳತಕ್ಕದ್ದು. 1954ರಲ್ಲಿ ಸರ್ಕಾರವೇ ಪುಣೆಯ ಬಳಿ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಸ್ಥಾಪಿಸಿತು. 1955ರಲ್ಲಿ ಅಲ್ಲಿ ಪೆನಿಸಿಲಿನ್ ತಯಾರಾಯಿತು. ಮುಂದೆ ಅಗ್ಗದ ಚೀನೀ ಸರಕಿನೆದುರು ದೇಶದ ಪೆನಿಸಿಲಿನ್ ತಯಾರಿಕೆ ಸೊರಗಿತು. ಜ್ವರ ಒಮ್ಮೆ ಬಂದ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ, ಬೆಂಜಥೀನ್ ಪೆನಿಸಿಲಿನ್ ಸೂಜಿಮದ್ದು ಬೇಕು. ಇದರಲ್ಲಿ ಲಾಭ ಕಡಿಮೆಯೆಂದು ತಯಾರಕರಿಗೆ ಆಸಕ್ತಿಯಿಲ್ಲ. 2010ರ ದಶಕದಲ್ಲಿ ಹಲವು ದೇಶಗಳು ಇದರ ಕೊರತೆ ಅನುಭವಿಸಿದವು. ಅಗ್ಗವಾಗಿರುವುದೇ ಔಷಧಿಯ ಅಪರಾಧವಾಯಿತು!

ಆದ್ದರಿಂದ ನಾವು ಒತ್ತಾಯಪಡಿಸುತ್ತೇವೆ: ಈ ಸೂಜಿಮದ್ದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತಪ್ಪದೆ ಸಿಗಬೇಕು. ಒಗ್ಗದವರಿಗೆ ಕೂಡಲೇ ಚಿಕಿತ್ಸೆ ನೀಡುವ ಸಿದ್ಧತೆಯೂ ಅಲ್ಲಿರಬೇಕು. ಶಾಲೆಗಳಲ್ಲಿ ಮಕ್ಕಳ ಹೃದಯ ಪರೀಕ್ಷೆ ನಡೆಯಬೇಕು. ಇ.ಎಸ್.ಐ. ಚೀಟಿಯಿಲ್ಲದ ಸಣ್ಣ ವ್ಯಾಪಾರಿಯ ಮಗುವೂ ಹೊರಗುಳಿಯಬಾರದು.

ಬಂಧುಗಳೇ, ಸರ್ಕಾರ ಎಚ್ಚರಗೊಳ್ಳುವವರೆಗೆ ನಾವು ಮಲಗಿರುವುದು ಬೇಡ. ನೆಗಡಿ ಕೆಮ್ಮಿಲ್ಲದೆ ಜ್ವರ, ನುಂಗಲು ನೋವು, ಕುತ್ತಿಗೆಯಲ್ಲಿ ಗಂಟು ಕಂಡರೆ ಮಗುವನ್ನು ವೈದ್ಯರಿಗೆ ತೋರಿಸಿ. ಅವರು ಹತ್ತು ದಿನದ ಮಾತ್ರೆ ಬರೆದುಕೊಟ್ಟರೆ ಹತ್ತೂ ದಿನ ಕೊಡಿ. ಮೂರನೆಯ ದಿನ ಮಗು ಆಡತೊಡಗಿತೆಂದು ನಿಲ್ಲಿಸಬೇಡಿ. ಒಂದು ದಿನದ ಕೂಲಿ ಹೋದರೆ ಮತ್ತೆ ದುಡಿಯಬಹುದು; ಕೆಟ್ಟ ಕವಾಟ ತಾನಾಗಿ ಸರಿಹೋಗದು.